ಕಡಲ ಮದುಮಗಳನ್ನು ನೋಡಲು ಹೋದದ್ದು

ನನ್ನ ಷಡ್ಡಕ ರಾಗಿಬ್ ಕಂಡ ಮೀನಿಗಿಂತ ದೊಡ್ಡ ಪ್ರಾಣಿಯೊಂದನ್ನು ಸಮುದ್ರದೊಳಗೆ ಇಳಿದು ಕಣ್ಣಾರೆ ಕಂಡೇ ತೀರುತ್ತೇನೆಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದು ಒಂದು ಶುಕ್ರವಾರ ಮಧ್ಯಾಹ್ನ, ಅತ್ತೆಯ ಮನೆಯ ಊಟದ ಮೇಜಿನ ಮುಂದೆ, ಬಾಯಿ ತುಂಬ ಅನ್ನ ಇಟ್ಟುಕೊಂಡು. ಬಾಯಿ ತುಂಬಿದ್ದರಿಂದ ಪ್ರತಿಜ್ಞೆ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೆ ಮುಂದಿನ ಅನಾಹುತಗಳಲ್ಲಿ ಅರ್ಧ ತಪ್ಪುತ್ತಿದ್ದವು ಎಂದು ಈಗ ಅನಿಸುತ್ತದೆ.

ನಾನು ವಗ್ದಿ. ಕೈರೋದಲ್ಲಿ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಇಪ್ಪತ್ತೆರಡು ವರ್ಷಗಳ ಸರ್ವಿಸು. ನಾನು ಬೀದಿಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ತರಕಾರಿಯವನ ತಕ್ಕಡಿ ತಾನಾಗಿಯೇ ನೆಟ್ಟಗಾಗುತ್ತದೆ. ಕಸಾಯಿಯವನು ಮಾಂಸದ ಜೊತೆ ತೂಗುತ್ತಿದ್ದ ತನ್ನ ಹೆಬ್ಬೆರಳನ್ನು ಸದ್ದಿಲ್ಲದೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಒಟ್ಟಿನಲ್ಲಿ ತೂಕದ ಮನುಷ್ಯ. ಇಂಥ ನನಗೆ ಅತ್ತೆಯ ಮನೆಯಲ್ಲಿ ಮಾತ್ರ ಕಾಲು ಕಿಲೊದ ಬೆಲೆಯೂ ಇಲ್ಲದಂತಾಗಿದ್ದು ರಾಗಿಬ್‌ನಿಂದ.

ರಾಗಿಬ್ ನನ್ನ ಹೆಂಡತಿ ಸುಹೇರ್‌ಳ ತಂಗಿ ಗೀಹಾನ್‌ಳ ಗಂಡ. ಬಚ್ಚಲುಮನೆಯ ಟೈಲ್ಸ್ ಮಾರುತ್ತಾನೆ. ಹೋದ ವರ್ಷ ಕೆಂಪು ಸಮುದ್ರಕ್ಕೆ ಹೋಗಿ, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ತಿಮಿಂಗಿಲದಷ್ಟು ದೊಡ್ಡದೊಂದು ಚುಕ್ಕೆ ಶಾರ್ಕ್ ನೋಡಿ ಬಂದ. ಬಂದವನು ಸುಮ್ಮನಿರಬೇಕಲ್ಲ. ಪ್ರತಿ ಶುಕ್ರವಾರ ಊಟಕ್ಕೆ ಸೇರಿದಾಗ ಆ ವಿಡಿಯೊ ತೋರಿಸುತ್ತಿದ್ದ. ಅತ್ತೆ ಪ್ರತಿ ಶುಕ್ರವಾರ ಅದನ್ನು ಮೊದಲ ಸಲ ನೋಡುವವರಂತೆ ಎದೆಯ ಮೇಲೆ ಕೈಯಿಟ್ಟುಕೊಂಡು, "ದೇವರು ದೊಡ್ಡವನು. ನಿನ್ನಂಥ ಧೈರ್ಯವಂತ ನಮ್ಮ ಮನೇಲೇ ಇಲ್ಲ ಮಗಾ" ಎನ್ನುತ್ತಿದ್ದರು. ಆ ಮನೆಯ ಇನ್ನೊಬ್ಬ ಅಳಿಯನಾದ ನಾನು ಎದುರಿಗೇ ಕುಳಿತು ಮುಲುಖಿಯ ಸೊಪ್ಪಿನ ಸಾರು ಹೀರುತ್ತಿದ್ದೆ.

ಇಷ್ಟಾದರೂ ಸಹಿಸುತ್ತಿದ್ದೆ. ಆದರೆ ಆ ಮೀನು ಬೆಳೆಯತೊಡಗಿತು. ಮೊದಲ ಶುಕ್ರವಾರ ಎಂಟು ಮೀಟರ್ ಇತ್ತು. ತಿಂಗಳು ಕಳೆಯುವುದರಲ್ಲಿ ಒಂಬತ್ತಾಯಿತು. ರಂಜಾನ್ ಬರುವ ಹೊತ್ತಿಗೆ ಹನ್ನೊಂದು.

"ಯಾರು ಅಳೆದಿದ್ದು?" ಎಂದು ನಾನು ಕೇಳಿಯೇ ಬಿಟ್ಟೆ.

"ಕಣ್ಣಳತೆ ಕಣಪ್ಪಾ ವಗ್ದಿ."

"ಕಣ್ಣಳತೆಗೆ ಮುದ್ರೆ ಹೊಡೆಯೋಕಾಗಲ್ಲ."

"ಹಾಗಾದ್ರೆ ಮುಂದಿನ ಸಲ ನಿನ್ನ ಟೇಪ್ ತಗೊಂಡು ನೀನೇ ಇಳಿ," ಎಂದ ರಾಗಿಬ್. "ಆದ್ರೆ ಅಲ್ಲಿ ನೀರು ಇರುತ್ತೆ ಕಣೋ. ನಿನಗೆ ಆಗಿಬರುತ್ತೋ ಇಲ್ವೋ."

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಪ್ರತಿಜ್ಞೆ ಹುಟ್ಟಿದ್ದು ಆ ಕ್ಷಣದಲ್ಲಿ.

ಮರುದಿನವೇ ಕಚೇರಿಯಿಂದ ಒಂದು ಡೈವಿಂಗ್ ಕೇಂದ್ರಕ್ಕೆ ಫೋನು ಮಾಡಿದೆ. ದೂರದ ಮರ್ಸಾ ಅಲಮ್‌ನಲ್ಲಿ ಅವರ ಕಚೇರಿ. ಫೋನು ಎತ್ತಿದವರು ನಿವೀನ್ ಎಂಬ ಹೆಂಗಸು. ದನಿ ಬಹಳ ಇಂಪಾಗಿತ್ತು.

"ನನಗೆ ಹನ್ನೊಂದು ಮೀಟರಿಗಿಂತ ದೊಡ್ಡದು ಬೇಕು," ಎಂದೆ.

"ಏನು ಸಾರ್? ದೋಣೀನಾ?"

"ಪ್ರಾಣಿ. ಜೀವಂತ ಪ್ರಾಣಿ."

ಆಕೆ ಅನುಭವಸ್ಥೆ. ನಗಲಿಲ್ಲ. ಸುತ್ತಿಗೆ ತಲೆಯ ಶಾರ್ಕುಗಳಿವೆ, ಆದರೆ ಅವು ನಡುಗಡಲಲ್ಲಿ, ಐವತ್ತು ಸಲ ಮುಳುಗಿ ಎದ್ದ ಅನುಭವ ಇದ್ದವರಿಗೆ ಮಾತ್ರ ಎಂದರು. ನಾನು ಇದುವರೆಗೆ ಮುಳುಗಿದ್ದು ಕೆಲಸದಲ್ಲಿ ಮಾತ್ರ. ಚಾದರ ಬಿಡಿಸಿದಂತೆ ಹಾರುವ ಮಂಟಾ ಮೀನು ಇದೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಡಾಲ್ಫಿನ್ ಬೇಕಾದಷ್ಟಿವೆ. ಆದರೆ ಡಾಲ್ಫಿನ್ ನೋಡಿದೆ ಎಂದು ರಾಗಿಬ್ ಮುಂದೆ ಹೇಳುವುದಕ್ಕಿಂತ ಬೆಕ್ಕು ನೋಡಿದೆ ಎನ್ನುವುದು ವಾಸಿ. ಚುಕ್ಕೆ ಶಾರ್ಕ್ ಬೇಡವೇ ಬೇಡ, ಅದು ಅವನ ಎಂಜಲು.

"ಸಾರ್, ನೀವು ಹೊಸಬರು ಅಂತೀರಿ. ಅಪರೂಪದ್ದೂ ಬೇಕು ಅಂತೀರಿ. ಹಾಗಾದ್ರೆ ನಮ್ಮ ಮದುಮಗಳನ್ನ ನೋಡಿ," ಎಂದರು ನಿವೀನ್.

ಕಡಲ ಮದುಮಗಳು. ಪುಸ್ತಕದಲ್ಲಿ ಅದಕ್ಕೆ ಕಡಲ ಹಸು ಎಂಬ ಹೆಸರೂ ಇದೆ, ಆದರೆ ನಮ್ಮ ಕಡೆ ಮೀನುಗಾರರಿಂದ ಹಿಡಿದು ಎಲ್ಲರೂ ಮದುಮಗಳೆಂದೇ ಕರೆಯುವುದು. ಹಡಗಿನಲ್ಲಿ ಬಹಳ ತಿಂಗಳು ಒಂಟಿಯಾಗಿದ್ದ ಯಾವನೋ ಇಟ್ಟ ಹೆಸರಿರಬೇಕು. ಉದ್ದ ಮೂರು ಮೀಟರ್ ಅಷ್ಟೆ. ಆದರೆ ತೂಕ ನಾನೂರು ಕಿಲೊ, ಕೂತು ತಿನ್ನುವ ಗಂಭೀರ ಸ್ವಭಾವ, ಇಡೀ ಕರಾವಳಿಯಲ್ಲಿ ಬೆರಳೆಣಿಕೆಯಷ್ಟು. ಕೊಲ್ಲಿಯ ಆಳ ಆರೇಳು ಮೀಟರ್, ಹೊಸಬರೂ ಇಳಿಯಬಹುದು. ನಾನು ಯೋಚಿಸಿದೆ. ಉದ್ದವನ್ನು ಕಣ್ಣಳತೆಯಲ್ಲಿ ಹಿಗ್ಗಿಸಬಹುದು, ತೂಕಕ್ಕೆ ಮಾತ್ರ ಮೋಸವಿಲ್ಲ. ತೂಕದಲ್ಲೇ ಅವನನ್ನು ಸೋಲಿಸುತ್ತೇನೆ ಎಂದು ಮದುಮಗಳನ್ನು ಗೊತ್ತುಮಾಡಿದೆ. ಚುಕ್ಕೆ ಶಾರ್ಕಿನ ತೂಕ ಎಷ್ಟೆಂದು ವಿಚಾರಿಸುವ ಬುದ್ಧಿ ಆಗ ಬರಲಿಲ್ಲ.

ಇದನ್ನು ಸುಹೇರ್‌ಗೆ ಹೇಳುವಂತಿರಲಿಲ್ಲ. ಅವಳಿಗೆ ಹೇಳಿದ್ದು ನಾಲ್ಕು ನಿಮಿಷದಲ್ಲಿ ಗೀಹಾನ್‌ಗೆ, ಐದನೇ ನಿಮಿಷಕ್ಕೆ ರಾಗಿಬ್‌ಗೆ ಮುಟ್ಟುತ್ತದೆ. ಮುಟ್ಟಿದರೆ ಅವನು ನನಗಿಂತ ಮೊದಲೇ ಹೋಗಿ ಎರಡು ಮದುಮಗಳನ್ನು ನೋಡಿ ಬರುತ್ತಾನೆ. ಆದ್ದರಿಂದ ಗುಟ್ಟು.

ಕಚೇರಿ ಮುಗಿಸಿ, ಕ್ಲಬ್ಬಿನ ಈಜುಕೊಳದಲ್ಲಿ ಕ್ಯಾಪ್ಟನ್ ಬಹ್ಗತ್ ಎಂಬವರ ಹತ್ತಿರ ಆರು ವಾರ ಡೈವಿಂಗ್ ಕಲಿತೆ. ಮನೆಗೆ ಬರುವಾಗ ತಲೆ ಒದ್ದೆ. ಮೈಯೆಲ್ಲ ಏನೋ ಒಂದು ವಾಸನೆ. ಮಾಸ್ಕ್ ಒತ್ತಿ ಒತ್ತಿ ಕಣ್ಣಿನ ಸುತ್ತ ಕೆಂಪು ಗುರುತು.

"ತಲೆ ಯಾಕೆ ಒದ್ದೆ?" ಎಂದು ಸುಹೇರ್ ಒಂದು ದಿನ ಕೇಳಿದಳು.

"ಆಫೀಸಲ್ಲಿ ಸೆಕೆ."

"ಜನವರೀಲಾ?"

ನಾನು ಮಾತು ಬದಲಾಯಿಸಿ, ಅವಳ ಅಡುಗೆಯನ್ನು ಹೊಗಳಿದೆ. ಮದುವೆಯಾದ ಮೇಲೆ ಮೊದಲ ಸಲ ಹೊಗಳಿದ್ದು. ಆ ಹೊಗಳಿಕೆಯಿಂದ ಅವಳ ಅನುಮಾನ ಇನ್ನೂ ಗಟ್ಟಿಯಾಯಿತೆಂದು ಆಮೇಲೆ ತಿಳಿಯಿತು.

ಐದನೇ ವಾರ ಕ್ಯಾಪ್ಟನ್ ಬಹ್ಗತ್ ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಉಸ್ತಾದ್, ಮಾಸ್ಕ್ ಒಳಗೆ ನೀರು ಯಾಕೆ ನುಗ್ತಿದೆ ಅಂತ ಗೊತ್ತಾಯ್ತು. ನಿಮ್ಮ ಮೀಸೆ," ಎಂದರು. ಇಪ್ಪತ್ತೆರಡು ವರ್ಷಗಳಿಂದ ಅಂಗಡಿ ಬೀದಿಗಳನ್ನು ಹೆದರಿಸಿದ ಮೀಸೆ ಅದು. ಒಂದು ದಿನವಿಡೀ ಯೋಚಿಸಿದೆ. ರಾಗಿಬ್‌ನ ನಗು ಕಣ್ಣಮುಂದೆ ಬಂತು. ಕ್ಷೌರದಂಗಡಿಗೆ ಹೋಗಿ ತೆಗೆಸಿಬಿಟ್ಟೆ.

ಮನೆ ಬಾಗಿಲು ತೆರೆದ ಸುಹೇರ್ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಯಾರಿಗೋಸ್ಕರ?" ಎಂದಳು.

"ಬದಲಾವಣೆ ಇರಲಿ ಅಂತ. ಹತ್ತು ವರ್ಷ ಚಿಕ್ಕವನ ಹಾಗೆ ಕಾಣ್ತೀನಿ, ಅಲ್ವಾ?"

ಅವಳು ಅಡುಗೆಮನೆಗೆ ಹೋದಳು. ಆ ದಿನ ಪಾತ್ರೆಗಳೇ ಮಾತಾಡಿದವು.

ಮರುದಿನ ಬೆಳಗ್ಗೆ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಹಾಸಿಗೆ ಬಟ್ಟೆಯ ಮರೆಯಲ್ಲಿ ನಿಂತು ನಿವೀನ್‌ಗೆ ಫೋನು ಮಾಡಿದೆ. ಬಟ್ಟೆಯ ಆ ಕಡೆ ನನ್ನ ಧರ್ಮಪತ್ನಿ ಬಟ್ಟೆಗೆ ಕ್ಲಿಪ್ ಹಾಕುತ್ತಿದ್ದಾಳೆಂದು ನನಗೇನು ಗೊತ್ತು. ಅವಳ ಕಿವಿಗೆ ಬಿದ್ದದ್ದು ಇಷ್ಟು:

"ಮದುಮಗಳು ಹೇಗಿದಾಳೆ? ... ಬೆಳಗ್ಗೆ ಹೊತ್ತು ಸಿಗ್ತಾಳಾ? ... ಮುಟ್ಟೋ ಹಾಗಿಲ್ವಾ? ಆಯ್ತು, ಬರೀ ನೋಡ್ತೀನಿ. ... ನಾಚಿಕೆ ಸ್ವಭಾವ ಅಂದ್ರಾ, ಪಾಪ. ... ಜಾಸ್ತಿ ಜನ ಬೇಡ, ನಾನೊಬ್ನೇ ಸಾಕು. ... ಮೀಸೆ ತೆಗೆಸಿದೀನಿ. ... ಇಲ್ಲ ಇಲ್ಲ, ಮನೇಲಿ ಯಾರಿಗೂ ಗೊತ್ತಿಲ್ಲ."

ನನ್ನ ಕೋಟಿನ ಜೇಬಿನಲ್ಲಿ ಡಾಕ್ಟರ ಪ್ರಮಾಣಪತ್ರವೂ ಅವತ್ತೇ ಅವಳಿಗೆ ಸಿಕ್ಕಿತಂತೆ. ಡೈವಿಂಗಿಗೆ ಬೇಕೆಂದು ಮಾಡಿಸಿದ್ದು. "ಹೃದಯ, ಶ್ವಾಸಕೋಶ, ರಕ್ತದ ಒತ್ತಡ ಎಲ್ಲ ಸರಿಯಾಗಿದೆ. ಅರ್ಜಿದಾರರು ಉದ್ದೇಶಿತ ಕಾರ್ಯಕ್ಕೆ ಸಮರ್ಥರು" ಎಂದು ಅದರಲ್ಲಿತ್ತು. ಉದ್ದೇಶಿತ ಕಾರ್ಯ ಏನೆಂದು ಡಾಕ್ಟರು ಬರೆದಿರಲಿಲ್ಲ.

ಆ ಶುಕ್ರವಾರ ಅತ್ತೆಯ ಮನೆಗೆ ಹೋದರೆ ಮೇಜಿನ ಮೇಲೆ ಊಟ ಇರಲಿಲ್ಲ. ಅತ್ತೆ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕಡೆ ಅತ್ತು ಕೆಂಪಾದ ಕಣ್ಣಿನ ಸುಹೇರ್. ಇನ್ನೊಂದು ಕಡೆ ಗೀಹಾನ್ ಮತ್ತು ರಾಗಿಬ್.

"ಕೂತ್ಕೋ ವಗ್ದಿ. ನಮಗೆ ಎಲ್ಲಾ ಗೊತ್ತಾಗಿದೆ," ಎಂದರು ಅತ್ತೆ.

ಗುಟ್ಟು ರಟ್ಟಾಯಿತೆಂದುಕೊಂಡೆ. ಆದರೆ ರಾಗಿಬ್ ತಲೆ ತಗ್ಗಿಸಿಕೊಂಡಿದ್ದ. ಹೆದರಿದ್ದಾನೆ ಎಂದುಕೊಂಡು ನನಗೆ ಉತ್ಸಾಹ ಬಂತು.

"ಗೊತ್ತಾಯ್ತಾ? ಒಳ್ಳೇದೇ ಆಯ್ತು ಅತ್ತೆ. ಎಷ್ಟು ದಿನ ಮುಚ್ಚಿಡೋದು. ಮುಂದಿನ ತಿಂಗಳು ಹೋಗ್ತಿದೀನಿ."

"ನಾಚಿಕೆ ಆಗಲ್ವಾ ನಿನಗೆ?"

"ನಾಚಿಕೆ ಯಾಕೆ? ರಾಗಿಬ್ ಹೋಗಿ ಬಂದಾಗ ನೀವೆಲ್ಲ ಸೇರಿ ಹೊಗಳಲಿಲ್ವಾ?"

ಗೀಹಾನ್ ಗಂಡನ ಕಡೆ ನಿಧಾನವಾಗಿ ತಿರುಗಿದಳು. "ನೀನೂನಾ?"

ರಾಗಿಬ್ ಟೀ ಲೋಟವನ್ನು ತಟ್ಟೆಯ ಮೇಲಿಟ್ಟುಬಿಟ್ಟ. "ನಾನೇನು ಮಾಡಿದೆ? ದೇವರಾಣೆ ನನಗೇನೂ ಗೊತ್ತಿಲ್ಲ."

"ಈಗ ಯಾಕೋ ಗೊತ್ತಿಲ್ಲ ಅಂತೀಯ?" ಎಂದೆ ನಾನು. "ವಾರ ವಾರ ವಿಡಿಯೊ ತೋರಿಸಿದ್ದು ಯಾರು?"

"ವಿಡಿಯೊ ಬೇರೆ ಇದ್ಯಾ?" ಎಂದಳು ಗೀಹಾನ್. ರಾಗಿಬ್ ತನ್ನ ಫೋನನ್ನು ಜೇಬಿನೊಳಕ್ಕೆ ತಳ್ಳಿದ. ಒಂದು ವರ್ಷದಿಂದ ಕಾದಿದ್ದ ದೃಶ್ಯ ಅದು, ಯಾಕೆಂದು ಅರ್ಥವಾಗದಿದ್ದರೂ ನಾನು ಕಣ್ತುಂಬ ಸವಿದೆ.

ಅತ್ತೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಅವಳು ಎಲ್ಲಿಯವಳು?" ಎಂದರು.

"ಮರ್ಸಾ ಅಲಮ್ ಕಡೆ."

"ಮನೆಯವರು?"

"ಒಂಟಿಯಾಗೇ ಇರೋದು. ಒಂದು ಮಗು ಇತ್ತಂತೆ, ದೊಡ್ಡದಾಗಿ ಅದರ ಪಾಡಿಗೆ ಹೋಯ್ತಂತೆ."

ಸುಹೇರ್ ಮುಖಕ್ಕೆ ಕರವಸ್ತ್ರ ಒತ್ತಿಕೊಂಡಳು. ಅತ್ತೆಯ ದನಿ ಗಡುಸಾಯಿತು. "ಏನು ಕೆಲಸ ಮಾಡ್ತಾಳೆ?"

"ಕೆಲಸ ಏನತ್ತೆ, ಬೆಳಗ್ಗಿಂದ ಸಂಜೇವರೆಗೂ ತಿನ್ನೋದೊಂದೇ."

"ಕೂತು ತಿನ್ನೋಳಿಗೋಸ್ಕರ ನನ್ನ ಮಗಳ ಮೇಲೆ ಎರಡನೆಯವಳನ್ನ ತರ್ತೀಯಾ?"

ಆ ಮಾತು ನನ್ನ ತಲೆಗೆ ಹೋಗುವಷ್ಟರಲ್ಲಿ ಸುಹೇರ್ ಕರವಸ್ತ್ರ ತೆಗೆದು, ಬಹಳ ಮೆಲ್ಲಗೆ ಕೇಳಿದಳು: "ತೆಳ್ಳಗಿದಾಳಾ? ನನಗಿಂತ?"

"ಏನಂದೆ? ಇಲ್ಲಪ್ಪ. ನಾನೂರು ಕಿಲೊ. ಸ್ವಲ್ಪ ಹೆಚ್ಚು ಕಡಿಮೆ ಇರಬಹುದು."

ಆಗ ನನಗೂ ಅರ್ಥವಾಯಿತು, ಅವರಿಗೂ ಅರ್ಥವಾಯಿತು. ನಾನು ಫೋನು ತೆಗೆದು ಕಡಲ ಹಸುವಿನ ಚಿತ್ರ ತೋರಿಸಿದೆ. ಅತ್ತೆ ನಕ್ಕು ನಕ್ಕು ತಲೆವಸ್ತ್ರ ಜಾರಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ರಾಗಿಬ್, ಅದರಲ್ಲಿ ಅರ್ಧ ಜೀವ ಉಳಿದ ಸಂತೋಷ. ಗೀಹಾನ್ ನಗುತ್ತಲೇ ಅವನ ಫೋನನ್ನು ಇಸಿದುಕೊಂಡು ಬಹಳ ಹೊತ್ತು ಪರೀಕ್ಷಿಸಿದಳು.

ನಗದೇ ಇದ್ದವಳು ಸುಹೇರ್ ಒಬ್ಬಳೇ.

"ಒಂದು ಹಸು ನೋಡೋಕೆ ಐದು ವಾರ ತಲೆ ಒದ್ದೆ ಮಾಡ್ಕೊಂಡು ಬಂದೆ," ಎಂದಳು. "ಮೀಸೆ ತೆಗೆಸಿದೆ. ಡಾಕ್ಟರ ಹತ್ರ ಹೋದೆ. ನಾನು ಕರೆದ್ರೆ ನೀನು ಡಾಕ್ಟರ ಹತ್ರ ಬಂದಿದೀಯಾ? ಮದುವೆಯಾಗಿ ಹದಿನೆಂಟು ವರ್ಷ. ನನ್ನ ಒಂದು ಸಲ ಸಮುದ್ರಕ್ಕೆ ಕರ್ಕೊಂಡು ಹೋಗಿದೀಯಾ?"

"ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ವಲ್ಲ."

"ಅಲ್ಲಿ ನಿನಗೆ ಮೀನಂಗಡಿ ತಪಾಸಣೆ ಇತ್ತು, ಉಸ್ತಾದರೇ. ನಾನು ಮೂರು ದಿನ ತಕ್ಕಡಿ ಪಕ್ಕ ನಿಂತಿದ್ದೆ."

ಅದು ನಿಜವಾಗಿತ್ತು. ನಾನು ನೆಲದ ಟೈಲ್ಸ್ ನೋಡಿದೆ. ರಾಗಿಬ್‌ನ ಅಂಗಡಿಯದೇ.

"ನಾನೂ ಬರ್ತೀನಿ," ಎಂದಳು ಸುಹೇರ್. "ನಿನ್ನ ಮದುಮಗಳನ್ನ ನಾನೂ ನೋಡಬೇಕು. ಅಂಥಾದ್ದೇನಿದೆ ಅವಳಲ್ಲಿ ಅಂತ."

ಹೀಗೆ ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತು ಇಬ್ಬರೂ ಮರ್ಸಾ ಅಲಮ್ ತಲುಪಿದೆವು. ಸುಹೇರ್ ಮೊದಲು ವಿಚಾರಿಸಿದ್ದು ಕಡಲ ಹಸುವನ್ನಲ್ಲ, ನಾನು ಬಾಲ್ಕನಿಯಿಂದ ಫೋನು ಮಾಡುತ್ತಿದ್ದ ನಿವೀನ್ ಅವರನ್ನು. ಅರುವತ್ತು ದಾಟಿದ, ಮಂಡಿಗೆ ಪಟ್ಟಿ ಸುತ್ತಿಕೊಂಡ ಹೆಂಗಸು ಬಂದು ಕೈ ಕುಲುಕಿದ ಮೇಲೆ ನನ್ನ ಹೆಂಡತಿಯ ಮುಖ ಅರಳಿತು. "ಎಷ್ಟು ಒಳ್ಳೆಯವರು" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಅಲ್ಲಿಂದ ಮುಂದೆ ಹೊಟ್ಟೆ ಉರಿಸಿಕೊಳ್ಳುವ ಸರದಿ ನನ್ನದು.

ನಮ್ಮನ್ನು ನೀರಿಗಿಳಿಸುವ ಮಾರ್ಗದರ್ಶಿ ಅತೀಯಾ. ಆ ಮರುಭೂಮಿಯ ಬುಡಕಟ್ಟಿನವನು, ಮೂವತ್ತರ ಆಸುಪಾಸು, ಸೌದೆ ಸೀಳಿದಂಥ ಮೈಕಟ್ಟು. ಮಾತು ಕಡಿಮೆ. ನನ್ನ ಹತ್ತಿರ ಇನ್ನೂ ಕಡಿಮೆ. ಸುಹೇರ್ ಸಿಲಿಂಡರ್ ಬೇಡವೆಂದಳು. ಕೈಕಾಲು ತಲೆ ಎಲ್ಲ ಮುಚ್ಚುವ ಈಜುಡುಗೆ ಹಾಕಿಕೊಂಡು, ಒಂದು ಮಾಸ್ಕು, ಉಸಿರಾಡುವ ಒಂದು ಕೊಳವೆ, ಅಷ್ಟನ್ನೇ ತೆಗೆದುಕೊಂಡು ನೀರಿಗೆ ನಡೆದಳು. ನಡೆದವಳು ಮುಳುಗಿದಳು. ನಾನು ಗಾಬರಿಯಾಗಿ ಕೂಗುವಷ್ಟರಲ್ಲಿ ಮೂವತ್ತು ಮಾರು ದೂರದಲ್ಲಿ ಎದ್ದಳು.

ಅತೀಯಾ ನೋಡುತ್ತ ನಿಂತುಬಿಟ್ಟ. "ಮೇಡಂ, ಎಲ್ಲಿ ಕಲಿತ್ರಿ?"

"ಇಸ್ಮಾಯಿಲಿಯಾದಲ್ಲಿ, ತಿಮ್ಸಾಹ್ ಕೆರೆ. ಶಾಲೇಲಿ ಮೂರು ವರ್ಷ ನಂದೇ ಮೊದಲನೇ ಬಹುಮಾನ."

"ಇದನ್ನ ನನಗ್ಯಾಕೆ ಹೇಳಿಲ್ಲ?" ಎಂದೆ ನಾನು ದಡದಿಂದ.

"ನೀನು ಕೇಳಿಲ್ಲ."

ಹದಿನೆಂಟು ವರ್ಷದಲ್ಲಿ ನಾನು ಕೇಳದ್ದನ್ನು ಅತೀಯಾ ಎರಡು ನಿಮಿಷದಲ್ಲಿ ಕೇಳಿದ್ದ. ಆಮೇಲೆ ಅವನ ಬಾಯಲ್ಲಿ ಬರೀ ಮೇಡಂ. ಮೇಡಂ ಕಾಲು ನೋಡಿ, ಉಸ್ತಾದ್, ನೀರು ಚಿಮ್ಮೋದೇ ಇಲ್ಲ. ಮೇಡಂ ಉಸಿರು ನೋಡಿ, ಉಸ್ತಾದ್, ಎಷ್ಟು ಉದ್ದ. ಮೇಡಂ ಮಾಸ್ಕಿನ ಪಟ್ಟಿ ಸ್ವಲ್ಪ ಬಿಗಿ ಮಾಡ್ತೀನಿ. ನಾನು ಮಾತ್ರ ರಬ್ಬರ್ ಉಡುಪಿನೊಳಗೆ ತುರುಕಿಸಿಕೊಂಡು, ಅಂಗಡಿಯ ಮುಂದೆ ನೇತುಹಾಕಿದ ತೊಡೆಮಾಂಸದಂತೆ ಬಿಸಿಲಲ್ಲಿ ಬೇಯುತ್ತಿದ್ದೆ.

ನೀರಿನಲ್ಲಿ ತೇಲದೆ ಇಳಿಯಲು ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟುತ್ತಾರೆ. ಅತೀಯಾ ನನಗೆ ಎಂಟು ತುಂಡು ಕೊಟ್ಟ, ಒಂದೊಂದು ಒಂದೊಂದು ಕಿಲೊ ಎಂದ. ನಾನು ಒಂದನ್ನು ಅಂಗೈ ಮೇಲಿಟ್ಟು ತೂಗಿದೆ.

"ಇದು ಒಂದು ಕಿಲೊ ಅಲ್ಲ. ಒಂಬೈನೂರ ಇಪ್ಪತ್ತು ಗ್ರಾಂ."

"ಉಸ್ತಾದ್, ಅಷ್ಟು ಸಾಕು ನಿಮಗೆ."

"ಸಾಕೋ ಬೇಕೋ ಅಲ್ಲ ಪ್ರಶ್ನೆ. ಒಂದು ಕಿಲೊ ಅಂದ್ರೆ ಒಂದು ಕಿಲೊ."

"ಮೇಡಂ, ಆ ಕಡೆ ಹವಳದ ಹತ್ರ ಹೋಗಬೇಡಿ, ಬಂದೆ," ಎಂದು ಅವನು ನನ್ನ ಮಾತು ಅರ್ಧಕ್ಕೇ ಬಿಟ್ಟು ಓಡಿದ. ನನ್ನ ಹೊಟ್ಟೆ ಉರಿದುಹೋಯಿತು. ಸರಕಾರದ ಅಧಿಕಾರಿ ತೂಕದ ಬಗ್ಗೆ ಮಾತಾಡುತ್ತಿರುವಾಗ ಬೆನ್ನು ತಿರುಗಿಸುವುದೇ? ಕಡಿಮೆ ಬಿದ್ದ ತೂಕವನ್ನು ನಾನೇ ಸರಿಪಡಿಸುತ್ತೇನೆಂದು ಪೆಟ್ಟಿಗೆಯಿಂದ ಇನ್ನೂ ನಾಲ್ಕು ತುಂಡು ತೆಗೆದು ಉಡುಪಿನ ಜೇಬುಗಳಿಗೆ ಹಾಕಿಕೊಂಡೆ. ಲೆಕ್ಕದ ಪ್ರಕಾರ ಒಂದೇ ಸಾಕಿತ್ತು. ಉಳಿದ ಮೂರು ಸಿಟ್ಟಿನವು.

ಮೂವರೂ ಈಜಿಕೊಂಡು ಕೊಲ್ಲಿಯ ನಡುವಿಗೆ ಹೋದೆವು. ಅತೀಯಾ ಹೆಬ್ಬೆರಳು ಕೆಳಗೆ ಮಾಡಿದ, ಇಳಿಯೋಣ ಎಂದು. ನಾನು ತೇಲಿಸುವ ಜಾಕೆಟ್ಟಿನ ಗಾಳಿ ಬಿಟ್ಟೆ. ಹೊಸಬರು ನಿಧಾನವಾಗಿ, ಎಲೆ ಬಿದ್ದಂತೆ ಇಳಿಯಬೇಕೆಂದು ಕ್ಯಾಪ್ಟನ್ ಬಹ್ಗತ್ ಕಲಿಸಿದ್ದರು. ನಾನು ಬೀರು ಬಿದ್ದಂತೆ ಇಳಿದೆ. ಕಿವಿಗಳು ಕೀರಲು ದನಿಯಲ್ಲಿ ಕೂಗಿಕೊಂಡವು. ಆರು ಮೀಟರ್ ಕೆಳಗೆ ಕಡಲಹುಲ್ಲಿನ ಬಯಲು, ಅದರ ಮೇಲೆ ಹಿಟ್ಟಿನಂಥ ನಯವಾದ ಮಣ್ಣು. ಅದರಲ್ಲಿ ಮಂಡಿಯೂರಿ ಕೂತೆ. ನಂತರ ಏಳಲು ಕಾಲು ಬಡಿದೆ. ಅಷ್ಟೆ, ಇಡೀ ಕೆಂಪು ಸಮುದ್ರ ಕಂದು ಬಣ್ಣಕ್ಕೆ ತಿರುಗಿತು.

ನನ್ನ ಕೈ ನನಗೇ ಕಾಣದು. ಬಡಿದಷ್ಟೂ ಮಣ್ಣು. ಉಸಿರಿಗೆ ತೊಂದರೆ ಇರಲಿಲ್ಲ, ಮರ್ಯಾದೆಗೆ ಇತ್ತು. ಆಗ ತೀರಾ ಹತ್ತಿರದಲ್ಲಿ ಒಂದು ಸದ್ದು ಕೇಳಿಸಿತು. ಕರಮ್, ಕರಮ್, ಕರಮ್. ಯಾರೋ ಎಳೆ ಸೌತೆಕಾಯಿ ಕಡಿದು ತಿನ್ನುವ ಹಾಗೆ. ಅವಳೇ. ನಾನೂರು ಕಿಲೊ ತೂಕದ ನನ್ನ ಗೆಲುವು ಒಂದು ಮಾರಿನ ಆಚೆ ಊಟ ಮಾಡುತ್ತಿತ್ತು. ನಾನು ಸದ್ದಿನ ಕಡೆ ತಿರುಗಿದೆ. ಇನ್ನಷ್ಟು ಮಣ್ಣು ಎದ್ದಿತು. ಸದ್ದು ನಿಂತಿತು. ಏನೋ ಒಂದು ದೊಡ್ಡ ನೆರಳು ನನ್ನೆದುರು ಬಂದು, ಒಂದು ಗಳಿಗೆ ನಿಂತು, ಹೊರಟುಹೋಯಿತು. ಅದೂ ನೆರಳೋ ನನ್ನ ಆಸೆಯೋ ಹೇಳಲಾರೆ.

ಆಮೇಲೆ ಯಾರೋ ನನ್ನ ಜೇಬಿಗೆ ಕೈ ಹಾಕಿದರು. ಎಡಜೇಬು, ಬಲಜೇಬು, ಒಳಜೇಬು ಎಲ್ಲವನ್ನೂ ಕತ್ತಲಲ್ಲೇ, ಒಂದಿಷ್ಟೂ ತಡಕಾಡದೆ ಖಾಲಿ ಮಾಡಿದರು. ಸುಹೇರ್ ಎಂದು ಆಗಲೇ ಗೊತ್ತಾಯಿತು. ಅಷ್ಟು ಅಭ್ಯಾಸ ಬೇರೆ ಯಾರಿಗಿದೆ? ಸೀಸ ಕಳೆದುಕೊಂಡು ನಾನು ಮೇಲೇಳುತ್ತಿದ್ದಂತೆ ಅತೀಯಾ ಬಂದು ಸಿಲಿಂಡರ್ ಹಿಡಿದುಕೊಂಡು ನೆಟ್ಟಗೆ ಮಾಡಿದ. ಮೇಲೆ ಬಂದಾಗ ಸುಹೇರ್ ಏದುಸಿರು ಬಿಡುತ್ತಿದ್ದಳು. ಆರು ಮೀಟರ್ ಆಳಕ್ಕೆ ಒಂದೇ ಉಸಿರಲ್ಲಿ ನನಗೋಸ್ಕರ ಬಂದಿದ್ದಳು.

"ಜೇಬಲ್ಲಿ ಏನೋ ಅದು?" ಎಂದಳು, ಉಸಿರು ಬಂದ ಮೇಲೆ. "ಸತ್ತೇ ಹೋದೆ ಅಂದ್ಕೊಂಡೆ ಕಣೋ."

"ತೂಕ ಕಡಿಮೆ ಇತ್ತು," ಎಂದೆ.

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡೇ ದಡದವರೆಗೆ ಈಜಿದಳು, ನಾನು ಹಿಂದೆ ಹಿಂದೆ ತೇಲಿದೆ.

ದಡದಲ್ಲಿ ಅತೀಯಾ ತನ್ನ ಕ್ಯಾಮೆರಾದಲ್ಲಿ ಹಿಡಿದದ್ದನ್ನು ತೋರಿಸಿದ. ತಿಳಿನೀಲಿ ನೀರು. ಹಸಿರು ಹುಲ್ಲು. ದೊಡ್ಡ, ದುಂಡನೆಯ, ಸೌಮ್ಯವಾದ ಕಡಲ ಹಸು ಮೂತಿಯಿಂದ ಹುಲ್ಲು ಸವರಿಕೊಂಡು ತಿನ್ನುತ್ತಿದೆ. ಪಕ್ಕದಲ್ಲೇ ನನ್ನ ಹೆಂಡತಿ, ಕೈಕಟ್ಟಿಕೊಂಡು, ನೆರೆಮನೆಯವಳ ಜೊತೆ ಹರಟುತ್ತಿರುವಂತೆ ತೇಲುತ್ತಿದ್ದಾಳೆ. ಹಸು ಉಸಿರಿಗೆಂದು ಮೇಲೇಳುತ್ತದೆ, ಅವಳೂ ಜೊತೆಗೆ ಏಳುತ್ತಾಳೆ. ಇಬ್ಬರೂ ಮುಖಾಮುಖಿ. ಹಿಂದುಗಡೆ ಒಂದು ಕಂದು ಮೋಡ, ಅದರೊಳಗಿಂದ ಆಗಾಗ ಒಂದು ಕಾಲು ಹೊರಬಂದು ಒದೆದು ಒಳಗೆ ಹೋಗುತ್ತದೆ. ಕೊನೆಗೆ ಹಸು ಆ ಮೋಡದ ಹತ್ತಿರ ಬರುತ್ತದೆ. ನಿಲ್ಲುತ್ತದೆ. ಒಳಗೆ ಇಣುಕುತ್ತದೆ. ಹಿಂದಿರುಗಿ, ಬಾಲ ಬೀಸಿ, ಸರಸರನೆ ಹೊರಟುಹೋಗುತ್ತದೆ.

ನಾನು ರಬ್ಬರ್ ಉಡುಪಿನಿಂದ ಒಂದು ಕೈ ಹೊರತೆಗೆಯುವಷ್ಟರಲ್ಲಿ ಸುಹೇರ್ ಆ ವಿಡಿಯೊವನ್ನು ಮನೆಯವರೆಲ್ಲರಿಗೂ ಕಳಿಸಿಯಾಗಿತ್ತು. ಎರಡನೇ ಕೈ ಬರುವಷ್ಟರಲ್ಲಿ ಫೋನಿನಲ್ಲಿ ರಾಗಿಬ್‌ನ ದನಿ ಬಂತು: "ಅಭಿನಂದನೆ ಕಣಪ್ಪಾ ವಗ್ದಿ. ಹಸು ಚೆನ್ನಾಗಿದೆ. ಹಿಂದೆ ಮಣ್ಣಲ್ಲಿ ಒದ್ದಾಡ್ತಿರೋದು ಯಾವ ಜಾತೀದು? ನಾನು ಅಂಥಾದ್ದು ನೋಡೇ ಇಲ್ಲ. ಸೋತೆ, ಒಪ್ಕೋತೀನಿ."

ಮಧ್ಯಾಹ್ನ ಕೇಂದ್ರದ ಚಪ್ಪರದಡಿ ಟೀ ಕುಡಿಯುತ್ತ ಕೂತೆವು. ಸುಹೇರ್ ಅತೀಯಾನನ್ನು ಮರೆತಿದ್ದಳು, ನನ್ನನ್ನೂ ಮರೆತಿದ್ದಳು. ಬಾಯಿಬಿಟ್ಟರೆ ಅವಳ ಮಾತು, ಆ ಹಸುವಿನ ಮಾತು. ಅವಳ ಕಣ್ಣು ಎಷ್ಟು ಚಿಕ್ಕದು, ಎಷ್ಟು ಒಳ್ಳೆಯದು. ಅವಳು ತಿನ್ನುವ ಚೆಂದ ನೋಡು. "ಅವಳಿಗೆ ಮೂತಿ ತುಂಬ ಮೀಸೆ ಗೊತ್ತಾ? ಎಷ್ಟು ಒಪ್ಪುತ್ತೆ ಅಂತೀಯ." ನಾನು ನನ್ನ ಬೋಳು ಮೇಲ್ದುಟಿಯನ್ನು ಸವರಿಕೊಂಡೆ. ಷಡ್ಡಕನ ಮೇಲೆ ಕರುಬಿದ್ದೆ, ಮಾರ್ಗದರ್ಶಿಯ ಮೇಲೆ ಕರುಬಿದ್ದೆ. ಒಂದು ಹಸುವಿನ ಮೇಲೆ ಕರುಬುವ ದಿನವೂ ಬಂತಲ್ಲ ಎಂದು ಟೀ ಗುಟುಕರಿಸಿದೆ.

ಆದರೂ ಅಧಿಕಾರಿಯ ಬುದ್ಧಿ ಸುಮ್ಮನಿರುವುದಿಲ್ಲ. ಮುಳುಗಿದವರು ಎಲ್ಲಿ, ಎಷ್ಟು ಆಳ, ಏನು ಕಂಡೆ ಎಂದು ಬರೆದಿಡಲು ಒಂದು ಪುಸ್ತಕ ಇರುತ್ತದೆ. ನಾನೂ ಒಂದು ಕೊಂಡಿದ್ದೆ. "ಸ್ಥಳ: ಮರ್ಸಾ ಅಲಮ್. ಆಳ: ಆರು ಮೀಟರ್. ಕಂಡದ್ದು: ಕಡಲ ಮದುಮಗಳು, ಒಂದು" ಎಂದು ಅಚ್ಚುಕಟ್ಟಾಗಿ ತುಂಬಿದೆ. ಕೆಳಗೆ ಸಾಕ್ಷಿಯ ಸಹಿಗೆ ಜಾಗವಿತ್ತು. ಅತೀಯಾ ಮುಂದೆ ಹಿಡಿದೆ.

"ಇಳಿದ್ರಿ ಅಂತ ಸಹಿ ಹಾಕ್ತೀನಿ, ಉಸ್ತಾದ್," ಎಂದ ಆ ಪ್ರಾಮಾಣಿಕ. "ಕಂಡ್ರಿ ಅನ್ನೋದಕ್ಕೆ ಮೇಡಂ ಹತ್ರ ಹಾಕ್ಸಿ. ಅವರು ಪಕ್ಕದಲ್ಲೇ ಇದ್ರು."

ಪುಸ್ತಕವನ್ನು ಹೆಂಡತಿಯ ಮುಂದೆ ಸರಿಸಿದೆ.

"ನೀನು ನೋಡಿದ್ಯಾ?" ಎಂದಳು.

"ಸದ್ದು ಕೇಳಿದೆ."

"ನೋಡಿದ್ಯಾ ಅಂತ ಕೇಳ್ದೆ."

"ಸುಹೇರ್, ಸ್ವಲ್ಪ ಹೆಚ್ಚು ಕಡಿಮೆ ಇದ್ರೆ ಏನೀಗ? ಯಾರು ಬಂದು ಅಳೀತಾರೆ?"

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ದೇವರಿಗೇ ಗೊತ್ತು. ಅವಳು ಪೆನ್ನು ತೆಗೆದುಕೊಂಡಳು. ತಲೆ ಬಗ್ಗಿಸಿ, ತುಟಿ ಕಚ್ಚಿಕೊಂಡು, ಸಹಿಗಿಂತ ಬಹಳ ಉದ್ದವಾದ ಏನನ್ನೋ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಇವತ್ತಿಗೂ ಅದು ಹಾಗೇ ಇದೆ, ಅಳಿಸಲು ಧೈರ್ಯವಿಲ್ಲ:

"ಇವರು ಮದುಮಗಳನ್ನು ನೋಡಿಲ್ಲ. ಮದುಮಗಳು ಇವರನ್ನು ನೋಡಿದ್ದಾಳೆ. ಬೇಡವೆಂದು ಹೋದಳು. ಸಹಿ: ಸುಹೇರ್, ಮೊದಲನೇ ಹಾಗೂ ಕೊನೇ ಹೆಂಡತಿ."